ಎತ್ತಿಗೆ ಕೊಡುವ ಚುಚ್ಚುಮದ್ದಿನ ಕುರಿತು ಅಪ್ಪನಿಗೆ

ಫಿಲಡೆಲ್ಫಿಯಾ
12 ಅಕ್ಟೋಬರ್ 2025

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಇತ್ತ ಎಲ್ಲರೂ ಕ್ಷೇಮ. ಅತ್ತ ನಿಮ್ಮ ಹಾಗೂ ಅಮ್ಮನ ಕ್ಷೇಮಕ್ಕೆ ಬರೆಯುತ್ತಿರಿ.

ನೀವು ಎತ್ತುಗಳಿಗೆ ಮಂಪರು ಬರಿಸಲು ಕೊಡುತ್ತಿದ್ದ ಕ್ಸೈಲಜಿನ್ ಇಲ್ಲಿ ಮನುಷ್ಯರ ಕೈಕಾಲು ಕೊಳೆಸುತ್ತಿರುವುದು ನಿಜವೇ ಎಂದು ಕಳೆದ ಭಾನುವಾರ ಫೋನಿನಲ್ಲಿ ಕೇಳಿದಿರಿ. ಮಕ್ಕಳು ಪಕ್ಕದಲ್ಲೇ ಕೂತಿದ್ದರಿಂದ ಮಾತು ತೇಲಿಸಿಬಿಟ್ಟೆ. ಈ ವಿಷಯವನ್ನು ನನ್ನ ಜೊತೆಯ ನರ್ಸುಗಳಿಗಿಂತ ಚೆನ್ನಾಗಿ ನೀವೇ ಅರ್ಥಮಾಡಿಕೊಳ್ಳಬಲ್ಲಿರಿ ಎನ್ನಿಸಿದ್ದರಿಂದ ವಿವರವಾಗಿಯೇ ಬರೆಯುತ್ತಿದ್ದೇನೆ.

ನಿಜ, ಅಪ್ಪ. ನಮ್ಮ ಗಾಯದ ವಿಭಾಗಕ್ಕೆ ಬರುವವರಲ್ಲಿ ಬಹಳ ಮಂದಿ ಈ ಊರಿನ ಕೆನ್ಸಿಂಗ್ಟನ್ ಬಡಾವಣೆಯವರು. ಅವರು ‘ಡೋಪ್’ ಎಂದು ಕೊಳ್ಳುವ ಪುಡಿಯಲ್ಲಿ ಹಿಂದೆ ಹೆರಾಯಿನ್ ಇರುತ್ತಿತ್ತು. ಆಮೇಲೆ ಆ ಜಾಗಕ್ಕೆ ಫೆಂಟನಿಲ್ ಎಂಬ, ಅಫೀಮಿನ ಗುಣವಿರುವ ಕೃತಕ ಮದ್ದು ಬಂತು. ಫೆಂಟನಿಲ್ಲಿನ ಅಮಲು ಬೇಗ ಇಳಿಯುತ್ತದೆ. ಅದು ಹೆಚ್ಚು ಹೊತ್ತು ನಿಲ್ಲಲಿ, ಪುಡಿಯೂ ಅಗ್ಗಕ್ಕೆ ತಯಾರಾಗಲಿ ಎಂದು ಕ್ಸೈಲಜಿನ್ ಬೆರೆಸುವುದು ಶುರುವಾಯಿತು. ಪೋರ್ಟೊರಿಕೊ ದ್ವೀಪದಲ್ಲಿ ಈ ಬೆರಕೆ 2000ದ ದಶಕದಲ್ಲೇ ಇತ್ತು. ಅಲ್ಲಿಯ ಜನ ಅದನ್ನು ‘ಕುದುರೆಯ ಅರಿವಳಿಕೆ’ ಎಂದೇ ಕರೆಯುತ್ತಿದ್ದರಂತೆ. 2021ರ ಹೊತ್ತಿಗೆ ಈ ಊರಿನಲ್ಲಿ ಪರೀಕ್ಷೆಗೊಳಪಟ್ಟ ಡೋಪ್ ಮಾದರಿಗಳಲ್ಲಿ ಶೇ. 90ಕ್ಕೂ ಹೆಚ್ಚಿನವುಗಳಲ್ಲಿ ಕ್ಸೈಲಜಿನ್ ಸಿಕ್ಕಿತು. ಇದು ಬೇಕೆಂದು ಯಾರೂ ಕೇಳಿರಲಿಲ್ಲ. ಮೊದಮೊದಲು ಇದು ಸೇರಿದೆಯೆಂಬುದೂ ಕೊಳ್ಳುವವರಿಗೆ ತಿಳಿದಿರಲಿಲ್ಲ.

ಇದನ್ನು ಓದುವಾಗ ನಿಮಗೆ ಕೊಂಬಿನ ಕ್ಯಾನ್ಸರ್ ಆಗಿ ಶಸ್ತ್ರಚಿಕಿತ್ಸೆಗೆ ಬರುತ್ತಿದ್ದ ಎತ್ತುಗಳ ನೆನಪಾಗಬಹುದು. ಕುದುರೆಗೆ ಬೇಕಾದ ಪ್ರಮಾಣದ ಹತ್ತರಲ್ಲೊಂದು ಪಾಲು ದನಕ್ಕೆ ಸಾಕು, ಅದನ್ನು ಮರೆತರೆ ಮಲಗಿದ ಎತ್ತು ಏಳುವುದಿಲ್ಲ ಎಂದು ಹೇಳುತ್ತಾ ನೀವು ಸಿರಿಂಜನ್ನು ಬೆಳಕಿಗೆ ಹಿಡಿದು ಎರಡೆರಡು ಸಲ ನೋಡುತ್ತಿದ್ದಿರಿ. ಹಿಂದಿನ ದಿನವೇ ಮೇವು ನಿಲ್ಲಿಸಿ, ಹೊಟ್ಟೆ ಉಬ್ಬರಿಸದಂತೆ, ಜೊಲ್ಲು ಉಸಿರುನಾಳಕ್ಕೆ ಇಳಿಯದಂತೆ ತಲೆಯನ್ನು ತಗ್ಗಿಸಿ ಮಲಗಿಸುತ್ತಿದ್ದಿರಿ. ಇಲ್ಲಿ ಅದೇ ಔಷಧ, ತೂಕವಿಲ್ಲದೆ, ಅಳತೆಯಿಲ್ಲದೆ, ಹೆಸರೂ ಇಲ್ಲದೆ ಚೀಟಿಯಲ್ಲಿ ಕಟ್ಟಿಬರುತ್ತದೆ. ಬೆಳಗಿನ ಪೊಟ್ಟಣದಲ್ಲಿದ್ದ ಪ್ರಮಾಣ ಸಂಜೆಯದರಲ್ಲಿ ಇರುವುದಿಲ್ಲ. ರಕ್ತದೊತ್ತಡವನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆಂಬ ಕಾರಣಕ್ಕೆ ಇದು ಮನುಷ್ಯರ ಬಳಕೆಗೆ ಎಂದೂ ಒಪ್ಪಿಗೆ ಪಡೆಯದ ಔಷಧವೆಂಬುದು ನಿಮಗೆ ಗೊತ್ತೇ ಇದೆ.

ಗಾಯಗಳನ್ನು ಹೇಗೆ ವಿವರಿಸಲಿ? ಸೂಜಿ ಚುಚ್ಚಿದ ಜಾಗದಲ್ಲಿ ಕೀವು ಕಟ್ಟುವುದನ್ನು ನಾವು ಮೊದಲಿನಿಂದಲೂ ನೋಡಿದ್ದೇವೆ. ಇದು ಆ ಬಗೆಯದಲ್ಲ. ಮುಂಗೈಯಲ್ಲೋ ಮೊಣಕಾಲಿನ ಕೆಳಗೋ, ಕೆಲವೊಮ್ಮೆ ಸೂಜಿಯೇ ತಾಗದ ಕಡೆಯೂ, ಚರ್ಮ ನೇರಳೆಗಟ್ಟಿ, ಒಣಗಿದ ತೊಗಲಿನಂಥ ಕರಿ ಹಕ್ಕಳೆಯಾಗಿ, ಅದರಡಿಯಲ್ಲಿ ಮಾಂಸ ಸಾಯುತ್ತಾ ಹೋಗುತ್ತದೆ. ರಕ್ತನಾಳಗಳು ಸಂಕುಚಿತಗೊಂಡು ಆ ಭಾಗಕ್ಕೆ ಆಮ್ಲಜನಕ ತಲುಪದಿರುವುದೇ ಕಾರಣವಿರಬೇಕೆಂದು ವೈದ್ಯರ ಊಹೆ. ಮೊನ್ನೆ ಬಂದ ಒಬ್ಬ ಮರಗೆಲಸದವನ ಮುಂಗೈಯಲ್ಲಿ ಸ್ನಾಯುರಜ್ಜು ಬೆಳ್ಳಗೆ ಕಾಣುತ್ತಿತ್ತು. ಅವನು ಮಾತ್ರ ನನ್ನ ಕೈಗೆ ನೋವಾಗುತ್ತಿದೆಯೇನೋ ಎಂಬಂತೆ “ನಿಧಾನವಾಗಿ ಮಾಡಿ, ಅವಸರವಿಲ್ಲ” ಎಂದ. ಬೇರೆ ಕಡೆ ಮೂಗು ಮುಚ್ಚಿಕೊಂಡು ಮಾತನಾಡಿಸಿದರೆಂದು ಅವನು ಎರಡು ತಿಂಗಳು ಯಾವ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತಿರಲಿಲ್ಲ. ದಿನವೂ ತೊಳೆದು, ಒಣಗಲು ಬಿಡದೆ ಹಸಿಯಾಗಿಟ್ಟು ಡ್ರೆಸ್ಸಿಂಗ್ ಮಾಡಿದರೆ ಇಂಥ ಗಾಯಗಳೂ ವಾಸಿಯಾಗುತ್ತವೆ. ಕೈ ಉಳಿಯುವುದೋ ಇಲ್ಲವೋ ಎಂಬುದು ಎಷ್ಟೋ ಸಲ ಆ ಎರಡು ತಿಂಗಳಲ್ಲೇ ನಿರ್ಧಾರವಾಗಿರುತ್ತದೆ.

ಇನ್ನೊಂದು ತೊಡಕಿದೆ. ಡೋಪ್ ಮಿತಿಮೀರಿ ಉಸಿರು ನಿಂತವರ ಮೂಗಿಗೆ ಇಲ್ಲಿಯ ಜನ ನಲೋಕ್ಸೋನ್ ಎಂಬ ಪ್ರತಿಮದ್ದು ಸಿಂಪಡಿಸುತ್ತಾರೆ. ಅದು ಫೆಂಟನಿಲ್ಲಿನ ಹಿಡಿತ ಬಿಡಿಸುತ್ತದೆಯೇ ಹೊರತು ಕ್ಸೈಲಜಿನ್‌ನ ಹಿಡಿತವನ್ನಲ್ಲ. ಉಸಿರು ಮರಳಿದರೂ ಮನುಷ್ಯ ಏಳುವುದಿಲ್ಲ. ಸುತ್ತಲಿನವರು ಗಾಬರಿಯಿಂದ ಮತ್ತೆ ಮತ್ತೆ ಸಿಂಪಡಿಸುತ್ತಾರೆ. ಎಚ್ಚರವಾಯಿತೇ ಎಂದಲ್ಲ, ಉಸಿರಾಡುತ್ತಿದ್ದಾನೆಯೇ ಎಂದು ನೋಡಿ ಎಂಬುದನ್ನು ನಾವು ಹೇಳಿ ಹೇಳಿ ಸಾಕಾಗಿದೆ. ನೀವು ದನಗಳನ್ನು ಎಬ್ಬಿಸಲು ಕೊಡುತ್ತಿದ್ದ ಯೊಹಿಂಬಿನ್‌ನಂಥ ಪ್ರತಿಮದ್ದು ಮನುಷ್ಯರಿಗೆ ಒಪ್ಪಿತವಾಗಿಲ್ಲ.

2023ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯ ಕ್ಸೈಲಜಿನ್ ಅನ್ನು ನಿಯಂತ್ರಿತ ಔಷಧಗಳ ಪಟ್ಟಿಗೆ ಸೇರಿಸಿತು. ಮರುವರ್ಷವೇ ಬೀದಿಯ ಪುಡಿಯಲ್ಲಿ ಮೆಡೆಟೊಮಿಡಿನ್ ಕಾಣಿಸಿಕೊಂಡಿತು. ಅದೂ ನಿಮ್ಮ ಬೀರುವಿನದೇ: ನಾಯಿಗಳಿಗೆ ಕೊಡುವ, ಕ್ಸೈಲಜಿನ್‌ಗಿಂತ ಎಷ್ಟೋ ಪಟ್ಟು ಪ್ರಬಲವಾದ ಮದ್ದು. ಕಾನೂನೇ ಕಾರಣವೆಂದು ನಾನು ಹೇಳಲಾರೆ. ಆದರೆ ಒಂದು ಬಾಗಿಲು ಮುಚ್ಚಿದ ಕೂಡಲೇ ಮತ್ತೊಂದು ತೆರೆದದ್ದನ್ನು ಕಣ್ಣಾರೆ ಕಂಡೆ. ಈಗ ಡೋಪ್ ಸಿಗದೆ ಕೆಲವೇ ಗಂಟೆ ಕಳೆದರೂ ರಕ್ತದೊತ್ತಡ ಏರಿ, ಮೈ ನಡುಗಿ, ಬಿಡದೆ ವಾಂತಿಯಾಗಿ ಜನ ತುರ್ತು ಘಟಕಕ್ಕೆ ಬರುತ್ತಾರೆ. ಅವರನ್ನು ಶಮನಗೊಳಿಸಲು ಐಸಿಯುನಲ್ಲಿ ಹನಿಹನಿಯಾಗಿ ಏರಿಸುವ ಡೆಕ್ಸ್‌ಮೆಡೆಟೊಮಿಡಿನ್ ಅದೇ ಮದ್ದಿನ ಶುದ್ಧರೂಪ. ಬೀದಿಯಲ್ಲಿ ಕೆಡಿಸಿದ ವಸ್ತುವನ್ನೇ, ಅಳತೆ ಗೊತ್ತಿದೆಯೆಂಬ ಒಂದೇ ವ್ಯತ್ಯಾಸದಿಂದ, ಪಂಪಿಗೆ ಹಾಕುವಾಗ ನನಗೆ ನಿಮ್ಮ ಸಿರಿಂಜಿನ ನೆನಪಾಗುತ್ತದೆ. ಪುಡಿಯಲ್ಲಿ ಕ್ಸೈಲಜಿನ್ ಪತ್ತೆಗೆಂದು ಹಂಚುತ್ತಿದ್ದ ಪರೀಕ್ಷೆಯ ಸ್ಟ್ರಿಪ್‌ಗಳು ಮೆಡೆಟೊಮಿಡಿನ್ ಅನ್ನು ಗುರುತಿಸುವುದೂ ಇಲ್ಲ.

ಅಮೆರಿಕದವರ ಕೇಡು ಅಮೆರಿಕದವರಿಗೆ ಎಂದು ಚಿಕ್ಕಪ್ಪ ಅಂದದ್ದು ಫೋನಿನಲ್ಲಿ ಕೇಳಿಸಿತು. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತದ್ದನ್ನು ಅವರಿಗೆ ನೆನಪಿಸಿ. ಅಲ್ಲಿಯೂ ಜನ ಕೇಳಿದ್ದು ಸಾರಾಯಿ, ಸಿಕ್ಕಿದ್ದು ಮೆಥನಾಲ್.

ನಿಮ್ಮಿಂದ ಒಂದು ಉಪಕಾರವಾಗಬೇಕು. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಎತ್ತುಗಳ ತೂಕ ಮತ್ತು ಕೊಟ್ಟ ಮದ್ದಿನ ಪ್ರಮಾಣವನ್ನು ನೀವು ಬರೆದಿಡುತ್ತಿದ್ದ ಡೈರಿಗಳಿವೆ. ಕ್ಸೈಲಜಿನ್ ಇರುವ ಒಂದೆರಡು ಪುಟಗಳ ಫೋಟೊ ತೆಗೆದು ತಮ್ಮನ ಕೈಯಲ್ಲಿ ಕಳುಹಿಸಿಕೊಡಿ. ಹೊಸದಾಗಿ ಸೇರಿದ ಹುಡುಗಿಯರಿಗೆ ತೋರಿಸಬೇಕಾಗಿದೆ. ಗಾಯಗಳ ಭಾಗವನ್ನು ಅಮ್ಮನಿಗೆ ಓದಿ ಹೇಳಬೇಡಿ, ಊಟ ಬಿಟ್ಟಾರು.

ಇತಿ,
ನಿಮ್ಮ ಪ್ರೀತಿಯ ಮಗಳು