ಮೆಣಸಿನಕಾಯಿ ಹೊತ್ತ ಗಾಡಿ ವಿಂಟೇಜ್ ಅಲ್ವಾ?

ಮಾನ್ಯರೇ,

ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಹಳೇ ಕಾರುಗಳ ಮೆರವಣಿಗೆಯ ಫೋಟೊ ನೋಡಿದೆ. ಚೆನ್ನಾಗಿತ್ತು. ಮಿರಿಮಿರಿ ಮಿಂಚುವ ಕಾರು, ಪಕ್ಕದಲ್ಲಿ ಪೇಟ ಸುತ್ತಿಕೊಂಡ ಮಾಲೀಕರು. ಅವರ ಮೇಲೆ ನನ್ನ ತಕರಾರಿಲ್ಲ. ಅಷ್ಟು ಕಾರುಗಳ ನಡುವೆ ಲೋಡು ಹೊತ್ತ ಗಾಡಿ ಒಂದೂ ಕಾಣಲಿಲ್ಲವಲ್ಲ, ಅದಕ್ಕೇ ಈ ಪತ್ರ.

ನಾನು ಬ್ಯಾಡಗಿಯಲ್ಲಿ ಖಾರ ಕುಟ್ಟುವ ಗಿರಣಿ ನಡೆಸುತ್ತೇನೆ. ನಮ್ಮ ಹಿತ್ತಲಲ್ಲಿ 1968ರ ಮಹೀಂದ್ರಾ ಎಫ್‌ಸಿ-150 ಪಿಕಪ್ ಇದೆ. ಮೂತಿ ಇಲ್ಲದ ಜೀಪು ಅಂದರೆ ಹಳಬರಿಗೆ ಗೊತ್ತಾದೀತು. ಎಂಜಿನ್ ಜೀಪಿನದೇ, ಪೆಟ್ರೋಲ್. ಆದರೆ ಅದು ಇರುವುದು ಕ್ಯಾಬಿನ್ ಒಳಗೆ, ಎರಡು ಸೀಟಿನ ನಡುವೆ, ಕಬ್ಬಿಣದ ಮುಚ್ಚಳದ ಕೆಳಗೆ. ಅಪ್ಪ ಆ ಮುಚ್ಚಳದ ಮೇಲೆ ಬುತ್ತಿ ಇಡುತ್ತಿದ್ದರು. ಹುಬ್ಬಳ್ಳಿ ಮುಟ್ಟಿದರೂ ರೊಟ್ಟಿ, ಝುಣಕ ಬಿಸಿ. ಬೇಸಿಗೆಯಲ್ಲಿ ಕೂತವರ ಕಾಲೂ ಬಿಸಿ, ಆ ಮಾತು ಬೇರೆ.

ಸೋಮವಾರ, ಗುರುವಾರ ಇಲ್ಲಿ ಮೆಣಸಿನಕಾಯಿ ಪೇಟೆ. ಡಬ್ಬಿ, ಕಡ್ಡಿ ಎಂಬ ಎರಡು ಬಗೆಯ ಮೆಣಸಿನಕಾಯಿಯ ಚೀಲ ಹೇರಿಕೊಂಡು ನಸುಕಿನಲ್ಲೇ ಗಾಡಿ ಊರು ಸೇರುತ್ತಿತ್ತು. 1994ರಲ್ಲಿ ಎಂಜಿನ್ ತಿರುಗದಂತೆ ಹಿಡಿದುಕೊಂಡಿತು. ಅಪ್ಪ ಹೋದ ಮೇಲೂ ಅಲ್ಲೇ ನಿಂತಿತ್ತು. ಮೂರು ವರ್ಷದ ಹಿಂದೆ ಗುಜರಿಯವನು ಬಂದು, ಕೆ.ಜಿ.ಗೆ ಇಷ್ಟು ಅಂತ ಲೆಕ್ಕ ಹೇಳಿದ. ನನಗೆ ಸಿಟ್ಟು ಬಂತು. ಅವನನ್ನು ಕಳಿಸಿ, ತಮ್ಮನನ್ನು ಕರೆದು ಪಾನಾ ಕೈಗೆ ತೆಗೆದುಕೊಂಡೆ.

ನಾಲ್ಕೂ ಪ್ಲಗ್ ಬಿಚ್ಚಿ, ಆ ತೂತುಗಳಿಗೆ ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಸುರಿದು ಹನ್ನೊಂದು ದಿನ ಬಿಟ್ಟೆವು. ಹನ್ನೆರಡನೇ ದಿನ ಎಂಜಿನ್ ತಿರುಗಿಸುವ ಹ್ಯಾಂಡಲ್ ಬೆರಳಿನಷ್ಟು ಅಲುಗಿತು. ಬ್ರೇಕಿನ ರಬ್ಬರು, ಪ್ಲಗ್ಗುಗಳಿಗೆ ಕರೆಂಟು ಹಂಚುವ ಡೆಲ್ಕೊ, ಅದರೊಳಗಿನ ಸಿಬಿ ಪಾಯಿಂಟ್ ಎಲ್ಲ ಹುಬ್ಬಳ್ಳಿಗೆ ಓಡಾಡಿ ಹೊಂದಿಸಿದ್ದು. ಮರೆಯಲಾಗದ್ದು ಹಿಂದಿನ ಹಲಗೆ ಕಿತ್ತ ದಿನ. ಹಲಗೆ ಮತ್ತು ತಗಡಿನ ಸಂದಿಯಲ್ಲಿ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು. ತಂತಿ ಬ್ರಷ್ಷಿನಿಂದ ಉಜ್ಜಿದೆ. ಮಣ್ಣಲ್ಲ, ಮೆಣಸಿನಕಾಯಿ ಹಿಟ್ಟು! ನಡುನಡುವೆ ಕಪ್ಪಗಾದ ಬೀಜ. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ ಅಂತಾರೆ. ಅವತ್ತು ನಮ್ಮ ಓಣಿಯವರ ಮುಂದೆ ಹಾಗಂದಿದ್ದರೆ ಹೊಡೆಯಲು ಬರುತ್ತಿದ್ದರು. ಗೋಡೆಯಾಚೆಯಿಂದ ಕಾಕಾ ಸೀನುತ್ತಲೇ ಕೂಗಿದರು: "ಏನವ್ವಾ, ಗಿರಣಿ ಮನೀಗೇ ತಂದಿಯೇನ?"

ಈಗ ಗಾಡಿ ಸ್ಟಾರ್ಟ್ ಆಗುತ್ತದೆ. ಹಿತ್ತಲಲ್ಲೇ ಹಿಂದೆ ಮುಂದೆ ಓಡುತ್ತದೆ. ಬಂಕಿನಲ್ಲಿ ಈಗ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್. ಹಳೇ ರಬ್ಬರಿಗೆ ಅದು ಆಗಿಬರುವುದಿಲ್ಲ. ಎಂಜಿನ್ನಿಗೆ ಪೆಟ್ರೋಲ್ ಎಳೆದುಕೊಡುವ ಪಂಪಿನ ಡಯಾಫ್ರಾಮ್, ಅಂದರೆ ಒಳಗಿನ ರಬ್ಬರ್ ಪರದೆ, ಒಮ್ಮೆ ಹಾಳಾಯಿತು. ಎಥೆನಾಲ್ ನೀರನ್ನೂ ಎಳೆದುಕೊಳ್ಳುತ್ತದೆ, ನಿಂತ ಗಾಡಿಯ ಟ್ಯಾಂಕಿಗೆ ತುಕ್ಕು. ಹಾಗಾಗಿ ಪ್ರತಿ ಸಲ ಟ್ಯಾಂಕ್ ಖಾಲಿ ಮಾಡಿಡುತ್ತೇನೆ. ಇದೆಲ್ಲ ನಮ್ಮ ಕೈಯಲ್ಲಿರುವ ಕೆಲಸ, ಮಾಡಿಕೊಳ್ಳುತ್ತೇವೆ. ಕೈಮೀರಿದ್ದು ಕಾಗದದ ಕೆಲಸ.

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ಗಾಡಿಗಳಿಗೆ ನಿಯಮ ಮಾಡಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. ಅಂಥವಕ್ಕೆ 'ವಿಎ' ಅಕ್ಷರವಿರುವ ಬೇರೆ ನಂಬರ್. ಶುಲ್ಕ 20 ಸಾವಿರ ರೂಪಾಯಿ, ಹತ್ತು ವರ್ಷ ನಡೆಯುತ್ತದೆ. ದಿನನಿತ್ಯದ ಓಡಾಟ, ಬಾಡಿಗೆ ಇಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸಲು ರಸ್ತೆಗಿಳಿಸಬಹುದು. ನನಗೆ ಅಷ್ಟೇ ಸಾಕಿತ್ತು. ದುಡ್ಡು ಕೂಡಿಸಿಕೊಂಡು ಹೋದೆ. ಏಜೆಂಟ್ ಆರ್‌ಸಿ ಬುಕ್ ತಿರುವಿ, "ಅಕ್ಕಾರ, ಇದು ಗೂಡ್ಸ್ ಐತ್ರಿ, ಆಗಂಗಿಲ್ಲ" ಅಂದ. ಆ ನಿಯಮ ದ್ವಿಚಕ್ರ ವಾಹನಕ್ಕೆ, ಜನ ಕೂರುವ ಕಾರಿಗೆ ಮಾತ್ರವಂತೆ. ಸರಕಿನ ಗಾಡಿಯದು ಬೇರೆ ವರ್ಗವಂತೆ. ಹಿಂದೆ ಎರಡು ಬೆಂಚು ಬೆಸುಗೆ ಹಾಕಿಸಿ ಕಾರು ಅಂತ ಮಾಡಿಸೋಣ ಎಂದು ಉಪಾಯವನ್ನೂ ಹೇಳಿದ. ಬಾಡಿ ಬದಲಿಸಿದರೆ ಮೂಲ ರೂಪ ಎಲ್ಲಿ ಉಳಿಯಿತು? ಹಾಗೆ ಮಾಡಿದರೂ ವಿಂಟೇಜ್ ಅಲ್ಲ, ಮಾಡದಿದ್ದರೂ ಅಲ್ಲ.

ಆ ಬುಕ್ಕಿನಲ್ಲಿರುವುದು ಮೈಸೂರು ರಾಜ್ಯ, ಧಾರವಾಡ ಜಿಲ್ಲೆ. 1973ರಲ್ಲಿ ರಾಜ್ಯದ ಹೆಸರು ಬದಲಾಯಿತು. 1997ರಲ್ಲಿ ನಮ್ಮ ಜಿಲ್ಲೆ ಹಾವೇರಿಯಾಯಿತು. 2011ರಲ್ಲಿ ನಮ್ಮ ಮೆಣಸಿನಕಾಯಿಗೆ, ಇದು ಈ ಊರಿನದೇ ಎಂದು ಹೇಳುವ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿತು. ಆ ಕಾಯಿ ಹೊತ್ತ ಗಾಡಿ ಮಾತ್ರ ಇನ್ನೂ ಗೂಡ್ಸ್. ಸಾಹುಕಾರರು ಕೂತು ತಿರುಗಿದ ಕಾರು ಪರಂಪರೆ, ಚೀಲ ಹೊತ್ತದ್ದು ಗುಜರಿ ಅಂದರೆ ಹೇಗೆ? ಬಾಡಿಗೆ ಹೊಡೆಯುವುದಿಲ್ಲ, ಲೋಡು ಹೇರುವುದಿಲ್ಲ ಎಂದು ಬೇಕಾದರೆ ಬರೆಸಿಕೊಳ್ಳಲಿ. ಸರಕಿನ ಗಾಡಿಗಳನ್ನೂ ಆ ನಿಯಮದೊಳಗೆ ಸೇರಿಸಲಿ. ನಮ್ಮ ಭಾಗದ ಸಂಸದರು ದೆಹಲಿಯಲ್ಲಿ ಇದನ್ನೊಮ್ಮೆ ಕೇಳಲಿ.

ಹಾಗೇ ಓದುಗರಿಗೂ ಒಂದು ಮಾತು. ರಾಣೆಬೆನ್ನೂರು, ಗದಗ ಕಡೆ ಯಾರದಾದರೂ ಕೊಟ್ಟಿಗೆಯಲ್ಲಿ ಇಂಥ ಮೂತಿಯಿಲ್ಲದ ಗಾಡಿ ಬಿದ್ದಿದ್ದರೆ, ಗುಜರಿಗೆ ಹಾಕುವ ಮೊದಲು ಈ ಅಂಕಣಕ್ಕೆ ಒಂದು ಸಾಲು ಬರೆಯಿರಿ. ನನಗೆ ಎಡಗಡೆ ಬಾಗಿಲಿನ ಹಿಡಿಕೆ ಬೇಕಾಗಿದೆ. ಸದ್ಯಕ್ಕೆ ಚೀಲ ಹೊಲಿಯುವ ಸುತಳಿ ಕಟ್ಟಿದ್ದೇನೆ.

– ಖಾರದ ಗಿರಣಿಯ ಒಡತಿ, ಬ್ಯಾಡಗಿ