ಗೊಂಬೆ ಕೂರಿಸದ ವರ್ಷ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಮೊನ್ನೆ ಬಂತು. ಕೆಲಸದ್ದು, ಪುಣೆಯಲ್ಲಿ ಮನೆ ಬದಲಾಯಿಸಿದ್ದು ಎಲ್ಲ ಓದಿದೆ. ಆದರೆ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, 'ಅಮ್ಮ ಈ ಸಲ ದಸರಾಕ್ಕೆ ಗೊಂಬೆ ಕೂರಿಸಲಿಲ್ಲವಂತೆ, ಮೂರು ವರ್ಷದಿಂದ ನಾನು ಬಾರದೇ ಇದ್ದದ್ದಕ್ಕೇ ಅಲ್ವಾ ದೊಡ್ಡಮ್ಮ' ಅಂತ. ಅದೇ ತಲೆಯಲ್ಲಿ ಕೂತುಬಿಟ್ಟಿದೆ.

ಅಲ್ಲ ಅಂತ ಬರೆದುಬಿಡಬಹುದಿತ್ತು. ನಿನ್ನಮ್ಮನ ಮಂಡಿಯ ಕತೆ ನಿನಗೆ ಗೊತ್ತಿದ್ದದ್ದೇ. ಅಟ್ಟ ಹತ್ತುವವರು ಯಾರು, ಆ ಟ್ರಂಕು ಇಳಿಸುವವರು ಯಾರು, ಒಂಬತ್ತು ಮೆಟ್ಟಿಲು ಜೋಡಿಸಿ ಬಿಳಿ ಪಂಚೆ ಹಾಸುವವರು ಯಾರು? ಎಲ್ಲ ನಿಜವೇ. ಅಷ್ಟೇ ಆಗಿದ್ದರೆ ನೀನು ನನ್ನನ್ನು ಕೇಳುತ್ತಲೇ ಇರಲಿಲ್ಲ.

ನಿನ್ನ ಅಜ್ಜಿ ಗೊಂಬೆ ಕೂರಿಸುವುದು ನಿಲ್ಲಿಸಿದ್ದು 1994ರಲ್ಲಿ. ಅಮ್ಮ ನಿಲ್ಲಿಸಿದಳು ಅಂತಲೇ ನಾವೆಲ್ಲ ಹೇಳುತ್ತೇವೆ. ನಿಲ್ಲಿಸಿದವಳು ನಾನು. ದಾವಣಗೆರೆಯಿಂದ ಫೋನ್ ಮಾಡಿ, 'ಈ ವಯಸ್ಸಲ್ಲಿ ಯಾಕಮ್ಮ ಇದೆಲ್ಲ, ನೋಡೋಕೆ ಮನೆಯಲ್ಲಿ ಮಕ್ಕಳೂ ಇಲ್ಲ, ಸುಮ್ನೆ ಬಿಡು' ಅಂದೆ. ಅವಳ ಮೇಲಿನ ಕಾಳಜಿಗೇ ಅಂದೆ ಅಂದುಕೊಂಡಿದ್ದೆ. ಅರ್ಧ ಕಾಳಜಿ. ಇನ್ನರ್ಧ, ಅವಳು ಕೂರಿಸಿದರೆ ನಾನು ಮೈಸೂರಿಗೆ ಬರಬೇಕಾಗುತ್ತಲ್ಲ ಅನ್ನುವ ಲೆಕ್ಕ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು 'ಆಯ್ತು ಬಿಡು' ಅಂದಳು.

ನಮ್ಮ ಕಾಲದಲ್ಲಿ ಆ ಒಂಬತ್ತು ದಿನ ಮನೆ ನಮ್ಮದಾಗಿರುತ್ತಿರಲಿಲ್ಲ. ಸಂಜೆ ಆದರೆ 'ಗೊಂಬೆ ಕೂರಿಸಿದ್ದೀರಾ?' ಅಂತ ಬೀದಿ ಮಕ್ಕಳೆಲ್ಲ ಬಾಗಿಲಿಗೆ. ನಾವೂ ಅವರ ಮನೆಗಳಿಗೆ. ಲಂಗದ ತುದಿಯಲ್ಲಿ ಕಟ್ಟಿಕೊಂಡ ಕೊಬ್ಬರಿ ಮಿಠಾಯಿ ಮನೆ ಸೇರುವ ಹೊತ್ತಿಗೆ ಪುಡಿ. ಗೊಂಬೆಗಳ ಪಾರ್ಕಿಗೆ ಅಂತ ಡಬ್ಬಿಯ ಮುಚ್ಚಳದಲ್ಲಿ ರಾಗಿ ಪೈರು ಹಾಕುತ್ತಿದ್ದೆವು. ನಿನ್ನಮ್ಮ ದಿನಕ್ಕೆ ನಾಲ್ಕು ಸಲ ನೀರು ಹಾಕಿ ಅದನ್ನು ಕೊಳೆಸಿಬಿಡುತ್ತಿದ್ದಳು. ಗೊಂಬೆ ಶೆಟ್ಟರ ಅಂಗಡಿಯ ಮುಂದಿಟ್ಟ ಹುರಿಗಡಲೆ ಖಾಲಿಯಾಗುತ್ತಿದ್ದದ್ದೂ ಅವಳಿಂದಲೇ. ಕೊನೆಯ ರಾತ್ರಿ ಪಟ್ಟದ ಗೊಂಬೆಗಳಲ್ಲಿ ರಾಜನನ್ನು ಮಲಗಿಸುವುದು ನನ್ನ ಪಾಲು, ರಾಣಿಯನ್ನು ಮಲಗಿಸುವುದು ಅವಳ ಪಾಲು.

ಅಪ್ಪನ ಹೆಗಲ ಮೇಲೆ ಕೂತು ಸಯ್ಯಾಜಿರಾವ್ ರಸ್ತೆಯಲ್ಲಿ ಜಂಬೂ ಸವಾರಿ ನೋಡಿದ್ದೇನೆ. ಆಗ ಅಂಬಾರಿಯಲ್ಲಿ ಜಯಚಾಮರಾಜ ಒಡೆಯರ್ ಕೂತಿರುತ್ತಿದ್ದರು. ಆಮೇಲೆ ಮಹಾರಾಜರ ಜಾಗದಲ್ಲಿ ಚಾಮುಂಡೇಶ್ವರಿಯ ಮೂರ್ತಿ ಬಂತು. ಅದೇ 750 ಕಿಲೋ ಅಂಬಾರಿ, ಅದೇ ಬನ್ನಿಮಂಟಪದ ದಾರಿ. ಒಳಗೆ ಕೂರುವವರು ಬದಲಾದರೂ ಹಬ್ಬ ನಿಲ್ಲಲಿಲ್ಲ ನೋಡು ಅಂತ ನಿನಗೆ ಬರೆಯೋಣ ಅಂದುಕೊಂಡೆ. ಆದರೆ ಅಂಬಾರಿ ಹೊರುವ ಆನೆಗೆ ಮಾವುತರಿದ್ದಾರೆ. ನಿನ್ನಮ್ಮನಿಗೆ ಟ್ರಂಕು ಇಳಿಸಿಕೊಡಲೂ ಯಾರಿಲ್ಲ.

ಒಂದು ಮಾತು ನಿನ್ನಮ್ಮನಿಗೂ ಹೇಳಿಲ್ಲ. 1999ರಲ್ಲಿ ಅಮ್ಮ ಹೋದ ಮೇಲೆ ಮಂಚದ ಕೆಳಗಿನ ಪೆಟ್ಟಿಗೆ ತೆಗೆದವಳು ನಾನು. ಬೇರೆ ಗೊಂಬೆಗಳಿಗೆ ಸುತ್ತಿದ್ದ ಪೇಪರ್ ಹಳೆಯದು, ಮುಟ್ಟಿದರೆ ಮುರಿಯುತ್ತಿತ್ತು. ರಾಜ ರಾಣಿಗೆ ಸುತ್ತಿದ್ದರ ಮೇಲೆ ಮಾತ್ರ 1997ರ ಅಕ್ಟೋಬರ್ ತಾರೀಕು. ನಿಲ್ಲಿಸಿ ಮೂರು ವರ್ಷವಾದ ಮೇಲೆ! ಎಲ್ಲಿ ಕೂರಿಸಿದ್ದಳೋ, ಯಾರನ್ನು ಕರೆದು ಆರತಿ ಮಾಡಿದಳೋ. ಇಲ್ಲಾ, ಹುಳ ಹಿಡಿದಿದೆಯೇನೋ ಅಂತ ತೆಗೆದು ನೋಡಿದ್ದಳೋ. ಫೋನಿನಲ್ಲಿ ನನಗೆ ಒಂದು ಮಾತೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ನಿನ್ನಿಂದಲೇನಾ ಅಂತ ಕೇಳಿದ್ದೀಯ. ಸ್ವಲ್ಪ ಹೌದು ಪುಟ್ಟಿ. ಒಂದೇ ದಿನದ ರಜೆಯಲ್ಲಿ ಅಲ್ಲಿಂದ ಬಂದು ಹೋಗಲಾಗದು, ಅದು ನಿನ್ನಮ್ಮನಿಗೂ ಗೊತ್ತು. ಗೊತ್ತಿದ್ದರೂ ಬಾಗಿಲು ನೋಡುವುದು ತಪ್ಪುವುದಿಲ್ಲ. ಆದರೆ ನೀನು ಬರಲಿಲ್ಲ ಅಷ್ಟೇ, 'ಬಿಡು' ಅಂತ ಹೇಳಲಿಲ್ಲ. ನಾನು ಹೇಳಿದೆ. ಎರಡೂ ಒಂದೇ ಅಲ್ಲ ಅನಿಸುತ್ತದೆ. ನಿನ್ನ ಸಮಾಧಾನಕ್ಕೆ ಹೀಗೆ ಬರೆಯುತ್ತಿದ್ದೇನೋ ಏನೋ.

ಅದಕ್ಕೇ, ನನಗೆ ಹೇಳುವ ಯೋಗ್ಯತೆ ಇಲ್ಲದಿದ್ದರೂ, ಫೋನಿನಲ್ಲಿ 'ಪರವಾಗಿಲ್ಲ ಬಿಡಮ್ಮ' ಅಂತ ಮಾತ್ರ ಅನ್ನಬೇಡ. ಯಾಕೆ ಕೂರಿಸಲಿಲ್ಲ ಅಂತಲೂ ಕೆದಕಬೇಡ. ಸಂಕ್ರಾಂತಿಗೆ ಬಂದಾಗ ಟ್ರಂಕು ಅಟ್ಟದಿಂದ ಇಳಿಸಿ ಕೆಳಗೇ ಇಟ್ಟು ಹೋಗು. ಗೊಂಬೆಗಳನ್ನು ಸ್ವಲ್ಪ ಹೊತ್ತು ನೆರಳಲ್ಲಿ ಗಾಳಿಗಿಡು, ಬಿಸಿಲಿಗೆ ಬೇಡ. ಮುಂದಿನ ದಸರಾಕ್ಕೆ ಬೇಕಾದರೆ ಸರಸ್ವತಿ ಪೂಜೆಯಿಂದ ರಾಜ ರಾಣಿ ಇಬ್ಬರನ್ನೇ ಕೂರಿಸಲಿ. ಎಷ್ಟೋ ಮನೆಗಳಲ್ಲಿ ಈಗ ಅಷ್ಟೇ. ಅವಳು ಒಪ್ಪದೆಯೂ ಇರಬಹುದು, ಹಟಮಾರಿ.

ಅಜ್ಜಿಯ ಆ ಎರಡು ಗೊಂಬೆ ನನ್ನ ಬೀರುವಿನಲ್ಲೇ ಇವೆ. ತಂದವಳು ಇವತ್ತಿನವರೆಗೂ ಬಿಚ್ಚಿಲ್ಲ. ಸಂಕ್ರಾಂತಿಗೆ ಬಂದಾಗ ಒಂದು ದಿನ ಇಲ್ಲಿಗೂ ಬಾ, ಇಬ್ಬರೂ ಸೇರಿ ಬಿಚ್ಚೋಣ. ಪೇಪರ್ ಹರಿಯದ ಹಾಗೆ ಬಿಚ್ಚಬೇಕು. ನನ್ನ ಕೈ ಈಗ ನಡುಗುತ್ತದೆ, ನೀನೇ ಬಿಚ್ಚು.

ನಿನ್ನ,
ದೊಡ್ಡಮ್ಮ