ಪೊಸಡಿ ಗುಂಪೆ ದಾರಿಯ ಅಣ್ಣನಿಗೆ

ಮೊನ್ನೆ ಭಾನುವಾರ ಕಾಸರಗೋಡಿನ ಅನಂತಪುರದ ಕೆರೆ ದೇವಸ್ಥಾನ ನೋಡಿ, ಹೆದ್ದಾರಿ ಬಿಟ್ಟು ಒಳದಾರಿಯಲ್ಲೇ ಪೊಸಡಿ ಗುಂಪೆ ಗುಡ್ಡಕ್ಕೆ ಹೊರಟಿದ್ದೆವು. ಧರ್ಮತ್ತಡ್ಕಕ್ಕಿಂತ ಸ್ವಲ್ಪ ಮೊದಲು, ಅಡಿಕೆ ತೋಟದ ಪಕ್ಕ ಟೈರ್ ಪಂಕ್ಚರ್. ಸ್ಟೆಪ್ನಿ ಇತ್ತು, ಜಾಕ್ ಮನೆಯಲ್ಲಿ! ತಪ್ಪು ನನ್ನದೇ ಬಿಡಿ. ಜೊತೆಗೆ ವಯಸ್ಸಾದ ಅಮ್ಮ.

ನೀವು ಪಿಕಪ್ ನಿಲ್ಲಿಸಿ ಮಲಯಾಳದಲ್ಲಿ ಏನೋ ಕೇಳಿದಿರಿ. ನಮ್ಮ ಮುಖ ನೋಡಿ ತುಳುವಿಗೆ ಹೊರಳಿ, ಕೊನೆಗೆ ಕನ್ನಡಕ್ಕೆ ಬಂದಿರಿ: "ಹೆದರ್ಬೇಡಿ ಅಕ್ಕಾ, ಹತ್ತು ನಿಮಿಷದ ಕೆಲಸ."

ಚಕ್ರಕ್ಕೆ ಮುರಕಲ್ಲಿನ ತುಂಡು ಅಡ್ಡ ಇಟ್ಟಿರಿ. ಬಿಚ್ಚಿದ ನಟ್ಟುಗಳು ಉರುಳದ ಹಾಗೆ ಅಡಿಕೆ ಹಾಳೆಯೊಳಗೆ ಹಾಕಿದಿರಿ. ಅಮ್ಮನಿಗೆ ಕೂರಲು ಇನ್ನೊಂದು ಹಾಳೆ. ಅಲ್ಲಿಗೆ ನನ್ನ ಎದೆ ಹಗುರಾಯಿತು.

ದುಡ್ಡು ಕೊಡಲು ಹೋದರೆ, "ಕತ್ತಲಾಗುವ ಮೊದಲು ಗುಡ್ಡ ಇಳೀರಿ" ಅಂದು ಹೊರಟೇಬಿಟ್ಟಿರಿ. ಹೆಸರೂ ಕೇಳಲಿಲ್ಲ. ನಿಮ್ಮ ಸ್ಪ್ಯಾನರ್ ನಮ್ಮ ಡಿಕ್ಕಿಯಲ್ಲೇ ಇದೆ, ಅಣ್ಣಾ.